ಹೊನ್ನೂರಪ್ಪನ ತಾಳವಿಲ್ಲದ ಕ್ಯಾಸೆಟ್

ನನ್ನ ಸೋದರಮಾವ ಹೊನ್ನೂರಪ್ಪ ಹನುಮಸಾಗರದ ಕರಡಿ ಮಜಲು ಮೇಳದಲ್ಲಿ ತಾಳ ಬಾರಿಸುತ್ತಿದ್ದ. ಭಜನೆಯವರು ಬೆರಳಲ್ಲಿ ಹಿಡಿದು ಕಿಣಿಕಿಣಿ ಅನ್ನಿಸುವ ತಾಳವಲ್ಲ ಇದು. ಊಟದ ತಟ್ಟೆಯಷ್ಟು ಅಗಲದ ಹಿತ್ತಾಳೆಯ ಜೋಡಿ. ಕರಡಿ ಎಂಬ ದೊಡ್ಡ ಚರ್ಮವಾದ್ಯ, ಊದುವ ಸನಾದಿ, ಅವೆರಡರ ಮೇಲೆ ಮಾವನ ತಾಳ. ಮದುವೆ ಮೆರವಣಿಗೆ ಇನ್ನೂ ಆಚೆ ಓಣಿಯಲ್ಲಿರುವಾಗಲೇ ನಮ್ಮ ಓಣಿಯ ಎಮ್ಮೆಗಳು ಗೂಟ ಕಿತ್ತುಕೊಳ್ಳಲು ನೋಡುತ್ತಿದ್ದವು. ನನಗೆ ಸಂಗೀತ ತಿಳಿಯುವುದಿಲ್ಲ, ಕಿವಿನೋವು ಚೆನ್ನಾಗಿ ತಿಳಿಯುತ್ತದೆ. ಆದರೂ ಮಾವ ಬಾರಿಸುವುದನ್ನು ನೋಡಲು ಓಡುತ್ತಿದ್ದೆ. ಹೊಲದಲ್ಲಿ ದಿನವೆಲ್ಲ ನಾಲ್ಕು ಮಾತಾಡದ ಮನುಷ್ಯ, ತಾಳ ಹಿಡಿದರೆ ಕಣ್ಣು ಮುಚ್ಚಿ ನಗುತ್ತಿದ್ದ. ಇಪ್ಪತ್ತನೆಯ ವಯಸ್ಸಿಗೆ ಅಪ್ಪನ ಕೈಯಿಂದ ತೆಗೆದುಕೊಂಡ ಜೋಡಿ ಅದು. ಮನೆಯಲ್ಲಿ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕುವ ಕೆಲಸ ಮಾತ್ರ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಆ ಮೇಳಗಳಿಗೆಲ್ಲ ಒಂದು ಕಟ್ಟುಪಾಡು ಇತ್ತು. ಒಮ್ಮೆ ಬಾರಿಸಲು ಶುರು ಮಾಡಿದರೆ, ಮುಂದೆ ತೆಂಗಿನಕಾಯಿ ಒಡೆಯುವವರೆಗೆ ಕೈ ನಿಲ್ಲಿಸುವಂತಿಲ್ಲ. ಎದುರಿಗೆ ಇನ್ನೊಂದು ಮೇಳವಿದ್ದರೆ ಅದೂ ಉತ್ತರ ಕೊಡದೆ ಸುಮ್ಮನಿರುವಂತಿಲ್ಲ.

ಎಂಬತ್ತಾರರಲ್ಲಿ ಗಂಗಾವತಿಯ ರೇಡಿಯೋ ಅಂಗಡಿಯ ಕರಿಬಸಪ್ಪನಿಗೆ ಕರಡಿ ಮಜಲಿನ ಕ್ಯಾಸೆಟ್ ತರುವ ಹುಚ್ಚು ಹತ್ತಿತು. ಒಂದು ಮಗ್ಗುಲಿಗೆ ಹನುಮಸಾಗರದವರು, ಇನ್ನೊಂದಕ್ಕೆ ನವಲಿಯವರು. ಹುಬ್ಬಳ್ಳಿಯ ಒಂದು ಕೋಣೆಯಲ್ಲಿ ರೆಕಾರ್ಡಿಂಗ್. ಅರ್ಧ ಗಂಟೆಯಾಗುತ್ತಲೇ ಗಾಜಿನ ಆಚೆ ಕೂತ ರೆಕಾರ್ಡಿಂಗಿನವನು ಸಾಕೆಂದು ಕೈ ಎತ್ತಿದ. ಇವರು ಬಾರಿಸುತ್ತಲೇ ಇದ್ದರು. ಎರಡೂ ಕೈ ಎತ್ತಿದ. ಆಮೇಲೆ ಎದ್ದು ನಿಂತು ಕುಣಿದ. ತನ್ನ ವಾದ್ಯಕ್ಕೆ ಮೆಚ್ಚಿ ಕುಣಿಯುತ್ತಿದ್ದಾನೆ ಎಂದುಕೊಂಡು ಸನಾದಿಯ ಕೊಟ್ರಪ್ಪ ಇನ್ನಷ್ಟು ಜೋರು ಮಾಡಿದ. ಟೇಪು ಮುಗಿದುಹೋಯಿತು.

"ಸಾಕು ಅಂದ್ರ ತಿಳಿಯಂಗಿಲ್ಲೇನ್ರೀ ನಿಮಗ?" ಎಂದು ರೆಕಾರ್ಡಿಂಗಿನವನು ಬಾಗಿಲು ತೆರೆದು ಕೂಗಿದ.

"ಕಾಯಿ ಒಡೀರಿ!" ಎಂದು ಮಾವ ಬಾರಿಸುತ್ತಲೇ ತಿರುಗಿ ಕೂಗಿದ.

ಬದಿಯ ಖಾನಾವಳಿಯಿಂದ ಕಾಯಿ ತಂದು ಒಡೆದ ಮೇಲೆಯೇ ಕೋಣೆ ತಣ್ಣಗಾದದ್ದು. ಎರಡನೆಯ ಸಲಕ್ಕೆ ಕಾಯಿಯೇನೋ ಸಿದ್ಧವಿತ್ತು. ಆದರೆ ತಾಳದ ಸದ್ದಿಗೆ ಮೈಕು ಒಡೆದ ದನಿ ಕೊಡುತ್ತದೆಂದು ಮಾವನನ್ನು ಹೊರಗೆ ಮೆಟ್ಟಿಲ ಮೇಲೆ ಕೂರಿಸಿ ಬಾಗಿಲು ಹಾಕಿಕೊಂಡರು. ಮಾವ ಅಲ್ಲಿಂದಲೇ ಪೂರ್ತಿ ಬಾರಿಸಿದ. ಇಷ್ಟು ದೊಡ್ಡ ಸದ್ದನ್ನು ಒಂದು ಬಾಗಿಲು ಏನು ತಡೆದೀತು ಎಂಬುದು ಅವನ ಲೆಕ್ಕ. ಊರಿಗೆ ಬಂದು ಓಣಿಗೆಲ್ಲ ತನ್ನ ತಾಳ ಕ್ಯಾಸೆಟ್ಟಿನಲ್ಲಿದೆ ಎಂದು ಸಾರಿದ. ಹೆಂಡತಿ ಹಂಪವ್ವನಿಗಂತೂ ದಿನಕ್ಕೆರಡು ಸಲ ಹೇಳಿದ.

ಬಿಡುಗಡೆಯ ದಿನ ನಮ್ಮೂರ ಜನ ಲಾರಿ ಮಾಡಿಕೊಂಡು ಗಂಗಾವತಿಗೆ ಹೋದೆವು. ಅಕ್ಕಿ ಗಿರಣಿಯ ಸಿಮೆಂಟು ಕಣದಲ್ಲಿ ವೇದಿಕೆ ಕಟ್ಟಿದ್ದರು. ಅದರ ಹಿಂದೆ ಮಾವ ನನ್ನ ತೋಳು ಹಿಡಿದು ನಿಲ್ಲಿಸಿದ. ಅವನ ಮುಖ ಬಾಡಿ ಇಷ್ಟೇ ಇಷ್ಟಾಗಿತ್ತು.

"ಈಗ ಅಂಗಡ್ಯಾಗ ಕ್ಯಾಸೆಟ್ ಕೇಳಿ ಬಂದೆ. ಅದರಾಗ ನನ್ನ ತಾಳನ ಇಲ್ಲ."

"ಹೋಗಲಿ ಬಿಡು ಮಾಮಾ, ಆಮ್ಯಾಲೆ ಮಂದಿ ಮುಂದ ಬಾರಸ್ತೀಯಲ್ಲ."

"ಅದೂ ಇಲ್ಲ. ಕ್ಯಾಸೆಟ್ಟಿನ್ಯಾಗ ಇದ್ದಂಗ ಕೇಳಬೇಕಂತ. ಸುಮ್ಮನ ಹಿಡಕೊಂಡು ನಿಲ್ಲು, ಬಾರಸಬ್ಯಾಡ ಅಂದಾನ ಕರಿಬಸಪ್ಪ. ಹಂಪವ್ವ ಮುಂದ ಕುಂತಾಳ. ಆಕಿಗೆ ಏನಂತ ಮಾರಿ ತೋರಸಲಿ?"

ನನಗೆ ಕರಿಬಸಪ್ಪನ ಮೇಲೆ ಮೈಯೆಲ್ಲ ಉರಿಯಿತು. ಬಾರಿಸದ ತಾಳ ಹಿಡಿದು ನಿಲ್ಲಲು ಮನುಷ್ಯನೇಕೆ, ಮೊಳೆ ಹೊಡೆದು ತೂಗುಹಾಕಿದರೆ ಸಾಲದೇ?

ನಿವೃತ್ತ ಹೆಡ್‌ಮಾಸ್ತರರೊಬ್ಬರು ರಿಬ್ಬನ್ ಕತ್ತರಿಸಿ ಕ್ಯಾಸೆಟ್ ಎತ್ತಿ ತೋರಿಸಿದರು. ಚಪ್ಪಾಳೆ ಬಿತ್ತು. ಎರಡೂ ಮೇಳಗಳು ವೇದಿಕೆಯ ಎಡಬಲಕ್ಕೆ ನಿಂತಿದ್ದಂತೆ ಧ್ವನಿವರ್ಧಕದಲ್ಲಿ ಕ್ಯಾಸೆಟ್ ಹಾಕಿದರು. ಮುಂದಿನ ಸಾಲಿನಲ್ಲಿ ನಮ್ಮತ್ತೆ ಹಂಪವ್ವ ಕತ್ತು ಮುಂದೆ ಚಾಚಿ ಕೇಳುತ್ತಿದ್ದಳು. ಕರಡಿ ಗುಡುಗಿತು, ಸನಾದಿ ಹರಿಯಿತು.

"ನಿಮ್ಮ ಹೊನ್ನೂರಪ್ಪಂದು ಎಲ್ಲೈತಬೇ?" ಎಂದು ಪಕ್ಕದಲ್ಲಿದ್ದ ನೆರೆಮನೆಯ ಪಕೀರಮ್ಮ ಕೇಳಿದಳು.

"ಬರತೈತಿ, ತಡಿ," ಅಂದಳು ಅತ್ತೆ.

ಆ ಸದ್ದಿನಲ್ಲಿ ಇಬ್ಬರೂ ಕೂಗಿಯೇ ಮಾತಾಡಿದ್ದರಿಂದ ವೇದಿಕೆಗೂ ಕೇಳಿಸಿತು. ಮಾವ ತಲೆ ತಗ್ಗಿಸಿದ. ಮರುಗಳಿಗೆ ತಾಳ ಎತ್ತಿ ಒಂದೇ ಏಟು ಹಾಕಿದ.

ಆಮೇಲೆ ಯಾರ ಹಿಡಿತದಲ್ಲೂ ಏನೂ ಉಳಿಯಲಿಲ್ಲ. ತಾಳ ಬಿದ್ದ ಮೇಲೆ ಕರಡಿಯವನು ಸುಮ್ಮನಿರುವನೇ? ಕೊಟ್ರಪ್ಪ ಸನಾದಿ ಊದಿದ. ಹನುಮಸಾಗರದವರು ಎದುರಿಗೇ ಬಾರಿಸುವಾಗ ನವಲಿಯವರು ಸುಮ್ಮನಿರುವುದುಂಟೇ? ಎರಡು ಮೇಳಗಳ ಅಬ್ಬರದಲ್ಲಿ ಕ್ಯಾಸೆಟ್ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಗಿರಣಿಯ ಹಮಾಲರು ಟವೆಲು ಬೀಸಿ ಕುಣಿಯತೊಡಗಿದರು. ಹೆಡ್‌ಮಾಸ್ತರರು ಎರಡೂ ಕಿವಿ ಮುಚ್ಚಿಕೊಂಡು, ಕಾಲಲ್ಲಿ ಮಾತ್ರ ತಾಳ ಹಾಕುತ್ತಿದ್ದರು. ಕರಿಬಸಪ್ಪ ಹಾರ, ಶಾಲು, ಕತ್ತರಿ ಎಲ್ಲ ತಂದಿದ್ದ, ಕಾಯಿಯೊಂದನ್ನೇ ಮರೆತಿದ್ದ. ಬಾಯಿ ಬಡಿದುಕೊಂಡು ಒಬ್ಬನನ್ನು ಅಂಗಡಿಗೆ ಓಡಿಸಿದ.

ಕಾಯಿ ಬಂತು. ಜನ ಒತ್ತಿ ನಿಂತಿದ್ದರಿಂದ ಕೈಯಿಂದ ಕೈಗೆ ದಾಟುತ್ತ ಮುಂದಿನ ಸಾಲಿಗೆ, ಹಂಪವ್ವನ ಕೈಗೆ ಬಂತು. ಅವಳು ಅದನ್ನು ವೇದಿಕೆಗೆ ಕೊಡಬೇಕಿತ್ತು. ಕೊಡಲಿಲ್ಲ. ಮಡಿಲಲ್ಲಿಟ್ಟುಕೊಂಡು ಸೆರಗು ಮುಚ್ಚಿದಳು.

"ಯವ್ವಾ, ಕಾಯಿ! ಕಾಯಿ ಕೊಡಬೇ!" ಎಂದು ಕರಿಬಸಪ್ಪ ಬಗ್ಗಿ ಕೂಗಿದ.

ಅತ್ತೆ ಕಿವಿ ತೋರಿಸಿ, ಕೇಳಿಸುವುದಿಲ್ಲವೆಂದು ತಲೆಯಾಡಿಸಿದಳು.

ಮುಕ್ಕಾಲು ಗಂಟೆ ನಡೆಯಿತು. ಮಾವ ಕಣ್ಣು ಮುಚ್ಚಿ ನಗುತ್ತ ಬಾರಿಸುತ್ತಿದ್ದ. ಬೆವರಿಗೆ ಅಂಗಿ ಮೈಗೆ ಅಂಟಿತ್ತು. ಕೊನೆಗೆ ಅವನು ಕಣ್ಣು ಬಿಟ್ಟು ಹಂಪವ್ವನನ್ನು ನೋಡಿದ. ಅವಳು ಎದ್ದು, ಸಿಮೆಂಟು ಕಣಕ್ಕೆ ಕಾಯಿ ಬಡಿದು ಎರಡು ಹೋಳು ಮಾಡಿದಳು. ಎಲ್ಲರ ಕೈಯೂ ನಿಂತಿತು. ಜನ ಕೈ ಎತ್ತಿ ಕೂಗಿದರು.

ಮಾವ ಕೆಳಗಿಳಿದು ಬಂದು, ಅವಳ ಮುಖ ನೋಡಲಾರದೆ ಹೇಳಿದ.

"ಕ್ಯಾಸೆಟ್ಟಿನ್ಯಾಗ ನಂದು ಇಲ್ಲ, ಹಂಪವ್ವ."

"ಗೊತ್ತಾತು," ಅಂದಳು ಅತ್ತೆ. "ಅದಕ್ಕ ಕಾಯಿ ಮುಚ್ಚಿಟಕೊಂಡು ಕುಂತಿದ್ದೆ."