ಮಸ್ಕತ್ತಿನ ರಾಹುಕಾಲ

ಬೆಳಿಗ್ಗೆ ಒಂಬತ್ತೂವರೆಗೆ ಮಸ್ಕತ್ತಿನಲ್ಲಿ ಹೊರಡುವ ವಿಮಾನ ಎರಡೂವರೆ ಗಂಟೆ ಹಾರಿ, ಮಧ್ಯಾಹ್ನ ಒಂದೂವರೆಗೆ ಬೊಂಬಾಯಿಯಲ್ಲಿ ಇಳಿಯುತ್ತದಂತೆ. ಹೇಗೆ? ನಡುವಿನ ಒಂದೂವರೆ ಗಂಟೆ ಎಲ್ಲಿ ಹೋಯಿತು?

ಈ ಪ್ರಶ್ನೆ ಹೊತ್ತು ತಂದವರು ಪಕ್ಕದ ಮನೆಯ ಜಯಮ್ಮ. (ಇಂಗ್ಲಿಷ್ ಓದಿದವಳಿಗೆ ವಿಮಾನದ ವಿಷಯವೂ ಗೊತ್ತಿರುತ್ತದೆ ಎಂದು ನಮ್ಮ ಶ್ರೀರಂಗಪಟ್ಟಣದ ಬೀದಿಯ ನಂಬಿಕೆ.) ಅವರ ಮಗಳು ಸುಮಿತ್ರೆ ಇರುವುದು ಮಸ್ಕತ್ತಿನಲ್ಲಿ. ಗಂಡ ಅಲ್ಲಿ ಎಲೆಕ್ಟ್ರಿಷಿಯನ್. ಅವಳಿಗೀಗ ಏಳು ತಿಂಗಳು. ಬಾಣಂತನಕ್ಕೆ ತವರಿಗೆ ಬರಲು ಶನಿವಾರದ ಟಿಕೆಟ್ಟು ಸಿಕ್ಕಿದೆ. ಅದು ತಪ್ಪಿದರೆ, ದಿನ ತುಂಬುತ್ತಿರುವವಳನ್ನು ವಿಮಾನ ಹತ್ತಿಸುವುದಿಲ್ಲ. ಹೆರಿಗೆ ಅಲ್ಲೇ. ಎಣ್ಣೆ ನೀರು ಹಾಕುವವರು ಯಾರು?

ಆದರೆ ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ!

ಸಂಜೆ ಎಸ್.ಟಿ.ಡಿ. ಬೂತಿಗೆ ಸುಮಿತ್ರೆಯ ಫೋನು ಬರುವುದಿತ್ತು. ಅಮ್ಮ ಬೇಡ ಎಂದರೆ ಹತ್ತುವುದಿಲ್ಲ ಎಂದಿದ್ದಳಂತೆ.

ಹಳೆಯ ಮದುವೆ ಕಾರ್ಡಿನ ಹಿಂದೆ ಲೆಕ್ಕ ಹಾಕಿದೆ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಅಂದರೆ ಅಲ್ಲಿ ಒಂಬತ್ತೂವರೆ, ಇಲ್ಲಿ ಹನ್ನೊಂದು. ನಮ್ಮ ರಾಹುಕಾಲ ಮುಗಿದೇ ಹೋಗಿರುತ್ತದೆ! ಗೆದ್ದವಳಂತೆ ತಲೆ ಎತ್ತಿದೆ.

"ವಿಮಾನ ಅತ್ತೋದು ಅಲ್ಲಿ ತಾನೇ ಅಕ್ಕ? ಇಲ್ಲಿ ಟೈಮು ಅಲ್ಲಿಗೆ ಎಂಗಾದದು?" ಎಂದರು ಜಯಮ್ಮ.

ನನಗೂ ಗಲಿಬಿಲಿ. ಮೂರು ಗಂಟೆ ಮೊದಲೇ ಏರ್‌ಪೋರ್ಟಿಗೆ ಹೋಗಬೇಕಲ್ಲ, ಆರಕ್ಕೇ ಮನೆ ಬಿಟ್ಟಿರುತ್ತಾಳೆ, ಪ್ರಯಾಣ ಆಗಲೇ ಶುರುವಾದಂತೆ ಎಂದೆ.

"ಮನೆ ಬುಡದು ಬ್ಯಾರೆ, ನೆಲ ಬುಡದು ಬ್ಯಾರೆ ಕಣಕ್ಕ" ಎಂದರು. ಆಮೇಲೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ, ತಗ್ಗಿದ ದನಿಯಲ್ಲಿ ಹೇಳಿದರು: "ಓದ್ವರ್ಸ ಸುಮಿತ್ರೆನ ವೇಳೆ ನೋಡ್ದೆ ಬೆಳ್ಳೂರಿಗೆ, ಗಂಡನ ಮನೆಗೆ, ಬಸ್ಸು ಅತ್ತಿಸ್ಬುಟ್ಟೆ. ಮೂರು ತಿಂಗಳದು ಓಗ್ಬುಡ್ತು."

ಪೆನ್ಸಿಲ್ ಕೆಳಗಿಟ್ಟೆ. ಬೆಳ್ಳೂರಿಗೂ ಬಸ್ಸು ಬದಲಿಸಿ ಹೋದರೆ ಹೆಚ್ಚುಕಡಿಮೆ ಎರಡೂವರೆ ಗಂಟೆಯೇ.

ಸಂಜೆ ಬೂತಿಗೆ ನಾನೂ ಹೋದೆ. ಜಯಮ್ಮ ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿ ಹಿಡಿದರು. ಅತ್ತ ಕಡೆಯಿಂದ ಅಮ್ಮಾ, ಅಮ್ಮಾ ಎಂದು ಕರೆಯುವುದು ನನಗೂ ಕೇಳುತ್ತಿತ್ತು. ಕೊನೆಗೆ, "ಬಂದ್ಬುಡು ಮಗಾ" ಎಂದರು. ಅಷ್ಟೇ.

ಶನಿವಾರ ಒಂಬತ್ತಕ್ಕೆ ದೀಪ ಹಚ್ಚಿ ಕುಳಿತರು. ಹತ್ತೂವರೆಗೆ ನಮ್ಮ ರಾಹುಕಾಲ ಮುಗಿಯಿತು. ಏಳಲಿಲ್ಲ. ಮಸ್ಕತ್ತಿನದು ಆಗ ಶುರುವಾಗುತ್ತದಲ್ಲ! ಅದೂ ಮುಗಿಯುವವರೆಗೆ, ಹನ್ನೆರಡು ಗಂಟೆಯ ತನಕ, ತೊಟ್ಟು ನೀರು ಕುಡಿಯಲಿಲ್ಲ. (ಲೆಕ್ಕ ಹೇಳಿಕೊಟ್ಟವಳು ನಾನೇ.)

ಭಾನುವಾರ ಸುಮಿತ್ರೆ ಬಂದಳು. ಕಾಲು ಕೊಂಚ ಊದಿತ್ತು, ಮುಖ ತುಂಬಾ ನಗು. ವಿಮಾನ ಒಂದು ಗಂಟೆ ಲೇಟಂತೆ. ಹೊರಟಾಗ ಅಲ್ಲಿ ಸರಿಯಾಗಿ ಹತ್ತೂವರೆ.

"ನೋಡಕ್ಕ, ದೇವ್ರೇ ತಡ್ದು ಕಳ್ಸವ್ನೆ" ಎಂದು ಜಯಮ್ಮ ಕಣ್ಣೊರೆಸಿಕೊಂಡರು. ನಾನು ತಲೆಯಾಡಿಸಿದೆ.

ಆದರೂ ಒಂದು ಅನುಮಾನ. ದಿನಾ ಕಾವೇರಿಯಲ್ಲಿ ಮಿಂದು ಕೈಮುಗಿಯುವವರು ನಾವು, ನಮ್ಮ ದೇವರು ಮಸ್ಕತ್ತಿನ ಗಡಿಯಾರ ಕಟ್ಟಿಕೊಂಡಿದ್ದು ಯಾವಾಗ?