ಉಸ್ತಾದರ ಪರ್ಸೋಂ

ಇವತ್ತು ಮುಂಜಾನೆ ಸೊಸೆಯ ಹೊಲಿಗೆ ಮಶೀನಿಗೆ ಎಣ್ಣೆ ಬಿಡುತ್ತ ಕೂತಿದ್ದೆ. ನಿವೃತ್ತ ಮಾಸ್ತರನಿಗೆ ಮನೆಯಲ್ಲಿ ಒಪ್ಪಿಸುವ ಕೆಲಸಗಳು ಇಂಥವೇ. ಮಶೀನು ನೆಟ್ಟಗೆ ಓಡಿದರೆ ಅದು ಕಂಪನಿಯ ಹೆಚ್ಚುಗಾರಿಕೆ, ಕೆಟ್ಟರೆ ಎಣ್ಣೆ ಬಿಟ್ಟವನ ಕೈಗುಣ. ಆ ಎಣ್ಣೆಯ ವಾಸನೆಯೂ ಹೊಸ ಬಟ್ಟೆಯ ಗಂಜಿಯ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿದವು. ನನಗೆ ಹೈದರಾಬಾದಿನ ಪತ್ಥರ್‌ಗಟ್ಟಿಯ ಒಂದು ದರ್ಜಿ ಅಂಗಡಿ ನೆನಪಾಗುತ್ತಿರುವಾಗಲೇ ಫೋನು ಬಂತು. ಮೈಸೂರಿನಿಂದ ನಾಗರಾಜು.

ಮಂಡಿನೋವು, ಮಳೆ, ಮೊಮ್ಮಕ್ಕಳು ಎಲ್ಲ ಮುಗಿದ ಮೇಲೆ ಕೇಳಿದ: "ಖಾಜಾ ಹೇಗಿದಾನಪ್ಪಾ? ಫೋನೇ ಎತ್ತೋದಿಲ್ಲ. ನಿಂಗೆ ಯಾವಾಗ ಸಿಕ್ಕಿದ್ದ?"

"ಬಾಗಿಲಿಗಿ ಯಾರೋ ಬಂದಾರ, ಆಮ್ಯಾಲ ನಾನೇ ಮಾಡ್ತೇನಿ" ಎಂದು ಇಟ್ಟುಬಿಟ್ಟೆ.

ಬಾಗಿಲಿಗೆ ಯಾರೂ ಬಂದಿರಲಿಲ್ಲ. ಖಾಜಾ ತೀರಿಕೊಂಡು ಮಣ್ಣು ಸೇರಿ ಒಂದು ಮಳೆಗಾಲ ಕಳೆದಿದೆ. ನಾಗರಾಜುವಿನ ಹೃದಯ ನೆಟ್ಟಗಿಲ್ಲವೆಂದು, ಈ ಸುದ್ದಿ ಅಪ್ಪನ ಕಿವಿಗೆ ಬೀಳಬಾರದೆಂದು ಅವನ ಮಗಳು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ನಾನೋ ಮಿಷನ್ ಹಾಸ್ಟೆಲಿನಲ್ಲಿ ಬೆಳೆದವನು. ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂದು ಭಾನುವಾರ ಭಾನುವಾರ ಉರು ಹೊಡೆಸಿದ ನಾಲಿಗೆ ಇದು. ಅದಕ್ಕೆ ಈ ವಯಸ್ಸಿನಲ್ಲಿ ಸುಳ್ಳು ಕಲಿಸುವುದು ಮುದಿ ಎತ್ತಿಗೆ ಹೊಸ ನೊಗ ಕಟ್ಟಿದ ಹಾಗೆ. ಅದಕ್ಕೇ ನಿಮ್ಮ ಜೊತೆ ಸ್ವಲ್ಪ ಹೊತ್ತು ಮಾತಾಡುತ್ತ ಕೂರುತ್ತೇನೆ. ಆಮೇಲೆ ಫೋನು.

ನಮ್ಮ ಬೀದರನ್ನು ಮೈಸೂರು ರಾಜ್ಯಕ್ಕೆ ಸೇರಿಸಿದ ಹೊಸತು. ಮಲಗುವಾಗ ಹೈದರಾಬಾದಿನವರಾಗಿದ್ದೆವು, ಎದ್ದಾಗ ಮೈಸೂರಿನವರು. ನಮ್ಮದೇ ಜಿಲ್ಲೆಯ ಉದ್ಗೀರ್ ಬಾಂಬೆಯ ಪಾಲಾಯಿತು. ನಾವು ಮದುವೆ ಬಟ್ಟೆಗೂ ಮದ್ದಿಗೂ ಓಡುತ್ತಿದ್ದ ಹೈದರಾಬಾದು ಆಂಧ್ರದ ಪಾಲು. ಇದುವರೆಗೆ ನಕಾಶೆಯಲ್ಲೂ ನೋಡದ ಮೈಸೂರು ನಮ್ಮ ಮನೆಯಾಯಿತು. ಎರಡೂ ಕಡೆಯವರಿಗೆ ಪರಿಚಯವಾಗಲಿ ಎಂದು ಯಾರೋ ಪುಣ್ಯಾತ್ಮರು ಮಾಸ್ತರರ ತರಬೇತಿ ಶಾಲೆಯ ವಿದ್ಯಾರ್ಥಿಗಳನ್ನು ಅದಲುಬದಲು ಮಾಡಿದರು. ನಾನು ಕಲಿಯುತ್ತಿದ್ದ ಶಾಲೆಯಿಂದ ಭಾಲ್ಕಿಯ ಶಿವರಾಜ ಹೋದ, ಅವರಿಂದ ನಾಗರಾಜು ಬಂದ. ಶಿವರಾಜ ತಿರುಗಿ ಬಂದಾಗ ಒಂದೇ ದೂರು: "ಸಾರಿನ್ಯಾಗ ಬೆಲ್ಲ ಹಾಕ್ತಾರ್ರಿ. ಅದನ್ನ ಉಂಡು ಮಂದಿ ಜಗಳಾ ಆಡೂದರ ಹ್ಯಾಂಗ?" ಇತ್ತ ನಮ್ಮ ಊರ ಹಿರಿಯರು ನಾಗರಾಜುವನ್ನು ಕಂಡಲ್ಲೆಲ್ಲ ನಿಲ್ಲಿಸಿ, "ನಿಮ್ಮ ಬದಲಿ ನಾವು ಯಾರನ್ನ ಕೊಟ್ಟೇವ್ರಿ? ಲುಕ್ಸಾನ ಏನೂ ಇಲ್ಲಲ್ಲ?" ಎಂದು ವಿಚಾರಿಸುತ್ತಿದ್ದರು.

ನಾಗರಾಜು ಹಿಂದಿಯ ಪರೀಕ್ಷೆಯೊಂದನ್ನು ಪಾಸು ಮಾಡಿಕೊಂಡು ಬಂದಿದ್ದ. ಬೀದರಿನಲ್ಲಿ ಮಾತು ನಡೆಸಲು ಅದು ಸಾಕೆಂಬ ಧೈರ್ಯ. ನನ್ನ ಸಹಪಾಠಿ ಖಾಜಾನ ಮನೆಗೆ ಮೊದಲ ಸಲ ಕರೆದುಕೊಂಡು ಹೋದಾಗ ಬಾಗಿಲ ಪರದೆಗೆ ಕೈ ಮುಗಿದು, "ಮಾತಾಜೀ, ಆಪ್‌ಕಾ ಶುಭನಾಮ್ ಕ್ಯಾ ಹೈ?" ಎಂದುಬಿಟ್ಟ. ಪರದೆಯ ಹಿಂದೆ ಖಾಜಾನ ಅಮ್ಮಿ ನಕ್ಕರು. "ಅಯ್ಯ, ಈ ಹುಡುಗ ರೇಡಿಯೋದಂಗ ಮಾತಾಡ್ತದ!" ಅಂದಿನಿಂದ ಆ ಮನೆಯಲ್ಲಿ ಅವನ ಹೆಸರು ರೇಡಿಯೋ ಬೇಟಾ. ಅಮ್ಮಿ ನಕ್ಕದ್ದನ್ನು ತಾನು ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ ಎಂದು ಖಾಜಾ ನನಗೆ ಆಮೇಲೆ ಹೇಳಿದ.

ಅಮ್ಮಿ ನಗದಿರುವುದಕ್ಕೆ ಕಾರಣವಿತ್ತು. ಹೈದರಾಬಾದ್ ಸಂಸ್ಥಾನ ಮುಗಿದ ಆ ಗದ್ದಲದ ವರ್ಷ, ಮೊದಲು ಒಂದು ಕಡೆಯವರ ಕೈ ಮೇಲಾಗಿ, ಆಮೇಲೆ ಇನ್ನೊಂದು ಕಡೆಯವರ ಕೈ ಮೇಲಾಗಿ, ನಮ್ಮ ಕಡೆಯ ಕೆಲವು ಬಾವಿಗಳ ನೀರನ್ನು ಜನ ಬಹಳ ಕಾಲ ಕುಡಿಯಲಿಲ್ಲ. ಖಾಜಾನ ಅಬ್ಬಾ ಬೀದರಿನಲ್ಲಿ ದರ್ಜಿ. ಚಿಂತಾಕಿಯ ಮದುವೆಯ ಮನೆಯೊಂದಕ್ಕೆ ಹೊಲಿದ ಬಟ್ಟೆಯ ಗಂಟನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋದವರು ತಿರುಗಿ ಬರಲಿಲ್ಲ. ನಮ್ಮೂರು ಎಕಂಬಾದ ಹತ್ತಿರ ಹಳ್ಳದಲ್ಲಿ ಸೈಕಲ್ಲು ಸಿಕ್ಕಿತು. ಆ ಸೈಕಲ್ಲನ್ನು ನಾನು ಚಿಕ್ಕವನಿದ್ದಾಗ ಕಣ್ಣಾರೆ ನೋಡಿದ್ದೇನೆ. ಮನುಷ್ಯ ಸಿಗಲಿಲ್ಲ. ಹಳ್ಳದಲ್ಲೇ ಮುಗಿಸಿದರು ಎಂದರು ಕೆಲವರು. ತಪ್ಪಿಸಿಕೊಂಡು ಹೈದರಾಬಾದು ಸೇರಿದ್ದಾನೆ ಎಂದರು ಇನ್ನು ಕೆಲವರು. ಅಮ್ಮಿ ಎರಡನೆಯವರ ಮಾತು ಹಿಡಿದು, ಕೈಯ ಹಸಿರು ಬಳೆ ತೆಗೆಯದೆ ಕೂತರು.

ನಾಗರಾಜು ಬಂದ ವರ್ಷ ಅಮ್ಮಿಯ ಅಣ್ಣ ಪಟ್ಟು ಹಿಡಿದ. ಇನ್ನು ಸಾಕು, ಸತ್ತವರಿಗೆ ಓದಿಸುವ ಫಾತಿಹಾ ಓದಿಸೋಣ, ಬಳೆ ಒಡೆಯಲಿ, ಉದ್ಗೀರಿನಲ್ಲಿ ಹೆಂಡತಿ ಸತ್ತ ಒಬ್ಬ ಗೃಹಸ್ಥನಿದ್ದಾನೆ, ನಿಕಾಹ್ ಮಾಡಿಕೊಡುತ್ತೇನೆ. ಖಾಜಿ ಸಾಹೇಬರ ಒಪ್ಪಿಗೆಯೂ ಆಗಿದೆ ಎಂದ. ಅಮ್ಮಿ ಊಟ ಬಿಟ್ಟರು. ಖಾಜಾ ನಮ್ಮಿಬ್ಬರ ಹತ್ತಿರ ಬಂದು, "ಹೈದರಾಬಾದ ನೋಡ್ಲಿಕ್ಕಿ ಹೋಗೂಣು ನಡೀರಿ. ಅಬ್ಬಾಗ ಹೊಲಿಗಿ ಕಲಿಸಿದ ಉಸ್ತಾದ ಅಲ್ಲಿ ಇನ್ನಾ ಇದ್ದಾರ. ಗದ್ದಲ ಆದ ಮ್ಯಾಲ ಅಬ್ಬಾ ಅಲ್ಲಿಗಿ ಹೋಗಿದ್ದರ ಅವರಿಗಿ ಗೊತ್ತಿರ್ತದ" ಎಂದ. ನಾಗರಾಜುವಿಗೆ ಚಾರ್‌ಮಿನಾರ್ ತೋರಿಸುವ ನೆಪ ಮನೆಯಲ್ಲಿ ಹೇಳಲಿಕ್ಕೆ ಚೆನ್ನಾಗಿತ್ತು.

ರೈಲಿನಲ್ಲಿ ಹೋದೆವು. ವಿಕಾರಾಬಾದಿನಲ್ಲಿ ಗಾಡಿ ತನ್ನ ಅಭ್ಯಾಸದಂತೆ ಸುಮ್ಮನೆ ನಿಂತುಕೊಂಡಿತು. ನಾಗರಾಜು ಎಲ್ಲವನ್ನೂ ಮೈಸೂರಿನೊಂದಿಗೆ ತೂಗುತ್ತಿದ್ದ. ಮೈಸೂರು ಅರಮನೆಯ ಮುಂದೆ ಚಾರ್‌ಮಿನಾರ್ ಸ್ವಲ್ಪ ತೆಳುವಂತೆ. ಮಕ್ಕಾ ಮಸೀದಿಯ ಪಾರಿವಾಳಗಳಿಗೆ ಕಾಳು ಹಾಕಿದ. ಇರಾನಿ ಹೋಟೆಲಿನಲ್ಲಿ ಚಹಾ ಕುಡಿದು, "ಇದು ಪಾಯಸವೋ ಟೀಯೋ?" ಎಂದ. ಸಾರಿಗೆ ಬೆಲ್ಲ ಹಾಕುವ ಜನ ಕೇಳುವ ಪ್ರಶ್ನೆಯೇ ಇದು! ಖಾಜಾ ಮಾತ್ರ ಮಿನಾರ ನೋಡಲಿಲ್ಲ. ದಾಟಿ ಹೋಗುವ ಪ್ರತಿಯೊಬ್ಬ ನಡುವಯಸ್ಸಿನವನ ಮುಖ ನೋಡುತ್ತಿದ್ದ.

ಪತ್ಥರ್‌ಗಟ್ಟಿಯ ಕಲ್ಲಿನ ಕಮಾನಿನ ಕೆಳಗೆ ಆ ಅಂಗಡಿ. ಮಶೀನಿನ ಎಣ್ಣೆ, ಗಂಜಿ, ಕತ್ತರಿಸಿದ ಚೂರುಗಳು. ಉಸ್ತಾದರ ಕಣ್ಣಿಗೆ ಪೊರೆ ಬಂದಿತ್ತು. ಖಾಜಾನ ಮುಖವನ್ನು ಬೆರಳುಗಳಿಂದ ಸವರಿ ನೋಡಿ, ಯಾರ ಮಗನೆಂದು ತಿಳಿದು ಎದೆಗೊತ್ತಿಕೊಂಡರು. ಅಬ್ಬಾ ಇಲ್ಲಿಗೆ ಬಂದಿದ್ದರೇ ಎಂದು ಖಾಜಾ ಕೇಳಿದ. ಮುದುಕರು ತಡಮಾಡದೆ ಹೇಳಿದರು:

"ಹೌ ಬೇಟಾ, ಪರ್ಸೋಂಇಚ್ ಆಯಾ ಥಾ. ಇಸೀಚ್ ಮಶೀನ್ ಪೋ ಬೈಠಾ, ಚಾಯ್ ಪಿಯಾ, ಗಯಾ."

ನಾಗರಾಜು ಕುಣಿದೇಬಿಟ್ಟ. "ಮೊನ್ನೆ! ಮೊನ್ನೆ ತಾನೇ ಬಂದಿದ್ರಂತೆ ಕಣೋ ಖಾಜಾ! ಇದೇ ಮಶೀನ್ ಮೇಲೆ ಕೂತು ಟೀ ಕುಡಿದು ಹೋದ್ರಂತೆ! ಬದುಕಿದ್ದಾರೆ ಕಣೋ!"

ಅವನ ಪುಸ್ತಕದಲ್ಲಿ ಪರ್ಸೋಂ ಎಂದರೆ ಮೊನ್ನೆ. ಅವನದೇನೂ ತಪ್ಪಿಲ್ಲ. ಆದರೆ ನಮ್ಮ ಕಡೆಯ ದಖನಿ ಉರ್ದುವಿನಲ್ಲಿ ಪರ್ಸೋಂ ಎಂದರೆ ಮೊನ್ನೆಯೂ ಆಗಬಹುದು, ಹೋದ ವರ್ಷವೂ ಆಗಬಹುದು, ಅಜ್ಜನ ಕಾಲವೂ ಆಗಬಹುದು. ನಿನ್ನೆಯ ಹಿಂದಿರುವುದೆಲ್ಲ ಪರ್ಸೋಂ. ಅಬ್ಬಾ ಆ ಮಶೀನಿನ ಮೇಲೆ ಕೂತದ್ದು ಗದ್ದಲದ ನಂತರವಾದರೆ ಬದುಕಿದ್ದಾರೆ. ಗದ್ದಲಕ್ಕೆ ಮುಂಚೆಯಾದರೆ ಹಳ್ಳದ ಮಾತೇ ನಿಜ. ಒಂದು ಪ್ರಶ್ನೆ ಕೇಳಿದರೆ ತೀರುತ್ತಿತ್ತು. ಯಾವ ಪರ್ಸೋಂ ಎಂದು ಕೇಳಲು ನಾನು ಬಾಯಿ ತೆರೆದೆ: "ಕೌನ್ಸಾ ಪರ್ಸೋಂ, ಉಸ್ತಾದ್..."

ಖಾಜಾ ನನ್ನ ಮಣಿಕಟ್ಟು ಹಿಡಿದ. ಮುದುಕರಿಗೆ ತಿಳಿಯಬಾರದೆಂದು ಕನ್ನಡದಲ್ಲಿ ಹೇಳಿದ: "ಕೇಳಬ್ಯಾಡ."

ಪರ್ಸೋಂ ಅವನ ತಾಯಿಮಾತು. ನನಗಿಂತ ಮೊದಲೇ ಅವನಿಗೆ ಎಲ್ಲ ತಿಳಿದಿತ್ತು. ಉಸ್ತಾದರು ಚಹಾ ತರಿಸಿದರು. ಕಟ್ಟೆಯನ್ನು ತಟ್ಟುತ್ತ ತಮ್ಮ ಪಾಡಿಗೆ ಹೇಳುತ್ತಲೇ ಇದ್ದರು: "ಪರ್ಸೋಂ ಮೂಸಿ ಕೋ ತುಗ್ಯಾನಿ ಆಯಿ ನಾ, ಪಾನಿ ಯಹಾಂ ತಕ್ ಆಯಾ ಥಾ."

ತುಗ್ಯಾನಿ ಎಂದರೆ ಮಹಾಪೂರ; ನೀರು ಆ ಕಟ್ಟೆಯವರೆಗೆ ಬಂದಿತ್ತಂತೆ. ಮೂಸಿ ನದಿ ಉಕ್ಕಿ ಅರ್ಧ ಊರನ್ನು ಕೊಂಡೊಯ್ದದ್ದು ನಮ್ಮ ಅಪ್ಪಂದಿರು ಹುಟ್ಟುವ ಮೊದಲು. ನಾಗರಾಜು ಒಣಗಿದ ಬೀದಿ ನೋಡಿದ, ನನ್ನನ್ನು ನೋಡಿದ. "ಮೊನ್ನೆ ಪ್ರವಾಹ ಬಂದಿತ್ತಾ?" ಎಂದವನು ಅಲ್ಲಿಗೇ ನಿಂತ. ಅವನ ಮುಖದಿಂದ ಪರೀಕ್ಷೆ ಪಾಸಾದ ಕಳೆ ಇಳಿದುಹೋಯಿತು. ಖಾಜಾ ಚಹಾದ ಬಟ್ಟಲಿನಲ್ಲಿ ಮುಖ ಇಟ್ಟುಕೊಂಡಿದ್ದ. ಗೋಲ್ಕೊಂಡ ನೋಡದೆ ತಿರುಗಿ ಬಂದೆವು.

ಮನೆಯಲ್ಲಿ ಅಮ್ಮಿಯ ಅಣ್ಣ ಮಂಚದ ಮೇಲೆ ಕಾದು ಕೂತಿದ್ದ. ಖಾಜಾ ಪರದೆಯ ಕಡೆ ತಿರುಗಿ, "ಪರ್ಸೋಂ ಆಯೇ ಥೇ ಕತೆ, ಅಮ್ಮಿ" ಎಂದ. ಬಂದಿದ್ದರಂತೆ. ಅಣ್ಣ ನಕ್ಕುಬಿಟ್ಟ. "ಯಾವ ಪರ್ಸೋಂ? ಆ ಮುದುಕನ ಪರ್ಸೋಂ?"

ಪರದೆ ಸ್ವಲ್ಪ ಸರಿಯಿತು. ಅಮ್ಮಿಯ ಹಸಿರು ಬಳೆಯ ಕೈ ಕಂಡಿತು.

"ರೇಡಿಯೋ ಬೇಟಾ, ನೀ ಹೇಳು. ನೀ ಓದಿದಾಂವ. ಪರ್ಸೋಂ ಅಂದರ ಯಾವತ್ತು?"

ನಾಗರಾಜು ನನ್ನ ಕಡೆ ನೋಡಲಿಲ್ಲ. "ಮೊನ್ನೆ, ಅಮ್ಮ" ಎಂದ. "ಮೊನ್ನೆ ಅಂತಲೇ ಅರ್ಥ."

"ಕೇಳಿದೆಲ್ಲಣ್ಣಾ? ರೇಡಿಯೋ ಸುಳ್ಳು ಹೇಳ್ತದೇನು?" ಎಂದರು ಅಮ್ಮಿ. ಉದ್ಗೀರಿನ ಮಾತು ಅಲ್ಲಿಗೆ ಮುರಿಯಿತು. ಫಾತಿಹಾ ಓದಿಸಲಿಲ್ಲ.

ನನಗೆ ಇದು ಸರಿಬರಲಿಲ್ಲ. ವರ್ಷಗಟ್ಟಲೆ ಈ ವಿಷಯಕ್ಕೆ ಖಾಜಾನ ಜೊತೆ ಜಗಳವಾಡಿದ್ದೇನೆ. ಇಲ್ಲದ ಮನುಷ್ಯನಿಗಾಗಿ ತಾಯಿಯನ್ನು ಬಾಗಿಲ ಕಡೆ ನೋಡುತ್ತ ಕೂರಿಸಿದೆಯಲ್ಲೋ ಎಂದು ಅವನ ಮುಖಕ್ಕೇ ಅಂದಿದ್ದೇನೆ. ಅದಕ್ಕೆ ಉತ್ತರ ಕೊಟ್ಟವರು ಅಮ್ಮಿಯೇ, ಹಾಸಿಗೆ ಹಿಡಿದ ಮೇಲೆ. ಒಂದು ಮಧ್ಯಾಹ್ನ ನೋಡಲು ಹೋದಾಗ ತಾವಾಗಿಯೇ ಹೇಳಿದರು: "ಮಾಸ್ತರ, ಆ ಉಸ್ತಾದನ್ನ ನಾ ಬಲ್ಲೆ. ನನ್ನ ಲಗ್ನದ ಬಟ್ಟಿ ಹೊಲದಾಂವ ಅವನೇ. ವರ್ಷಗಟ್ಟಲೆ ಆದ ಮ್ಯಾಲೂ ಅದನ್ನ ಪರ್ಸೋಂನೇ ಹೊಲದೀನಿ ಅಂತಿದ್ದ. ನನ್ನ ಮಗ ನನ್ನ ಸಲುವಾಗಿ ಅಷ್ಟು ದೂರ ಹೋಗಿ ಒಂದು ಮಾತು ತಂದಾನ. ಅದನ್ನ ಹ್ಯಾಂಗ ಬ್ಯಾಡ ಅನ್ನಲಿ?" ಆ ಬಳೆಗಳನ್ನು ಒಡೆದದ್ದು ಅಮ್ಮಿ ತೀರಿಕೊಂಡು ಅವರ ಮೈ ತೊಳೆದ ದಿನ. ಸದ್ದು ಹೊರಗೆ ಕೂತಿದ್ದ ನಮಗೂ ಕೇಳಿಸಿತು. ಖಾಜಾ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದ.

ಎಣ್ಣೆ ಮಶೀನಿನಿಂದ ಸೋರಿ ಸೊಸೆಯ ಬಟ್ಟೆಗೆ ತಾಗಿದೆ. ಬೈಗುಳ ಆಮೇಲೆ ತಿಂದರಾಯಿತು. ಫೋನು ಹಚ್ಚಿದೆ. ನಾಗರಾಜು ಕೂಡಲೇ ಎತ್ತಿದ, ಕೈಯಲ್ಲೇ ಹಿಡಿದು ಕೂತಿದ್ದನೇನೋ.

"ಹೇಳಪ್ಪಾ. ಖಾಜಾ ಯಾವಾಗ ಸಿಕ್ಕಿದ್ದ?"

"ಪರ್ಸೋಂ ಬಂದಿದ್ದ" ಎಂದೆ. "ಇಲ್ಲೇ ಮಂಚದ ಮ್ಯಾಲ ಕೂತ, ಚಾ ಕುಡದ, ಹೋದ."

ಆ ಕಡೆಯಿಂದ ಬಂತು:

"ಯಾವ ಪರ್ಸೋಂ?"

"ಕೇಳಬ್ಯಾಡೋ, ನಾಗರಾಜ."

ಮುದಿಯಾದ ಅದೇ ರೇಡಿಯೋ ದನಿ ನಿಧಾನವಾಗಿ ಹೇಳಿತು: "ಸರಿ. ಮೊನ್ನೆ ಬಂದಿದ್ದ."