ಐರ್ಲೆಂಡಿಗೆಂದು ಹೊರಟು ಬಾಂದ್ರಾದಲ್ಲಿ ಇಳಿದದ್ದು

ನಮ್ಮ ಐರ್ಲೆಂಡ್ ಪ್ರವಾಸ ಆರಂಭವಾದದ್ದು ಗೋರೆಗಾಂವ್ ಸ್ಟೇಷನ್ನಿನಲ್ಲಿ. ಎಪ್ಪತ್ತೆರಡರ ಅಕ್ಟೋಬರ್, ಮಳೆ ನಿಂತು ಸೆಕೆ ಏರಿತ್ತು. ಡಬ್ಲಿನ್ನಿನಲ್ಲಿ ಡಾಕ್ಟರಾಗಿದ್ದ ನನ್ನ ತಮ್ಮ, ಬರುವ ಮೇ ತಿಂಗಳಲ್ಲಿ ಅಕ್ಕ ಭಾವ ಇಬ್ಬರೂ ಬನ್ನಿ ಎಂದು ಕರೆದಿದ್ದ. ಸ್ಟೇಷನ್ನಿನ ಎದುರಿಗಿದ್ದ ನಮ್ಮ ಉಡುಪಿ ಹೋಟೆಲನ್ನು ಒಂದು ದಿನವೂ ಬಿಟ್ಟಿರದ ನನ್ನ ಗಂಡ ವಾಸುದೇವ ರಾಯರು ಅಂದು ಗಲ್ಲಾವನ್ನು ನನ್ನ ಮೈದುನನಿಗೆ ಒಪ್ಪಿಸಿ, ಇಸ್ತ್ರಿ ಮಾಡಿದ ಶರ್ಟು ತೊಟ್ಟು ಹೊರಟರು. ಫೋರ್ಟಿನ ವಿಮಾನ ಕಂಪನಿಯ ಆಫೀಸಿಗೆ ಹೋಗಿ ಟಿಕೆಟಿನ ವಿಚಾರಣೆ ಮಾಡಬೇಕಿತ್ತು. ಅದಕ್ಕೆ ಮೊದಲು ಬಾಂದ್ರಾದಲ್ಲಿ ಇಳಿದು, ನನಗೆ ಅಲ್ಲಿನ ಕಾನ್ವೆಂಟ್ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದ ಸಿಸ್ಟರ್ ನೋರಾರನ್ನು ಕಂಡು, ಐರ್ಲೆಂಡಿನಲ್ಲಿ ಏನೇನು ನೋಡಬೇಕೆಂದು ಕೇಳುವ ಯೋಚನೆ ನನ್ನದು.

ನಮ್ಮ ಕ್ಲಾಸಿನ ಹುಡುಗಿಯರ ಪಾಲಿಗೆ ಐರ್ಲೆಂಡ್ ಎಂದರೆ ಸಿಸ್ಟರ್ ನೋರಾ. ಕಡಲಿಗೆ ಎದೆಯೊಡ್ಡಿ ನಿಂತ ಬಂಡೆಗಳು, ಮುಗಿಯದ ತುಂತುರು ಮಳೆ, ಬೆಳಗಿನ ತನಕ ಪಿಟೀಲು ಬಾರಿಸುವ ಮದುವೆಮನೆಗಳು. ಅವರು ಹೇಳತೊಡಗಿದರೆ ಸೆಕೆಯ ಕ್ಲಾಸಿನೊಳಗೆ ತಣ್ಣನೆ ಗಾಳಿ ಬೀಸುತ್ತಿತ್ತು. ಮಾರ್ಚಿನಲ್ಲಿ ಅವರ ದೇಶದ ಸಂತನ ಹಬ್ಬ ಬಂದರೆ ನಮ್ಮ ಜಡೆಗೆ ಹಸಿರು ರಿಬ್ಬನ್. ಕೈ ಆಡಿಸದೆ ಬರೀ ಕಾಲಿನಲ್ಲಿ ಕುಣಿಯುವ ಅಲ್ಲಿನ ಕುಣಿತವನ್ನೂ ಅವರೇ ಕಲಿಸಿದ್ದರು.

ಲೋಕಲ್ ರೈಲಿನಲ್ಲಿ ರಾಯರು ಗಂಡಸರ ಡಬ್ಬದಲ್ಲಿ, ನಾನು ಹೆಂಗಸರದರಲ್ಲಿ. ಬಾಂದ್ರಾದಲ್ಲಿ ಬಸ್ಸು ಹಿಡಿದು ಗುಡ್ಡದ ಬುಡದಲ್ಲಿಳಿದು, ಮೇಲಿನ ಕಾನ್ವೆಂಟಿಗೆ ಏರು ಹತ್ತಿದೆವು.

"ಅಲ್ಲಿ ಅನ್ನ ಸಿಗ್ತದಾ ಕೇಳು ಮಾರಾಯ್ತಿ," ರಾಯರು ಏದುಸಿರಿನ ನಡುವೆ ಹೇಳಿದರು. "ಬರೀ ಬಟಾಟೆ ತಿಂದು ತಿಂಗಳು ಕಳೀಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ."

ಸಿಸ್ಟರ್ ಬಹಳ ಸೊರಗಿದ್ದರು. ಆದರೂ ಕಂಡೊಡನೆ "ಸುಮತಿ!" ಎಂದು ಕೈ ಹಿಡಿದುಕೊಂಡರು. ಚಹಾ ಬಂತು. ತಮ್ಮ ಕಳಿಸಿದ್ದ ನಕ್ಷೆಯನ್ನು ಮೇಜಿನ ಮೇಲೆ ಹರಡಿ ನಾನು ಇಂಗ್ಲಿಷಿನಲ್ಲಿ ಕೇಳಿದೆ: "ನಿಮ್ಮ ಊರು ಎಲ್ಲಿ ಬರುತ್ತದೆ ಸಿಸ್ಟರ್? ಅಲ್ಲಿಗೂ ಹೋಗಿ ಬರುತ್ತೇವೆ."

ಅವರ ಬೆರಳು ನಕ್ಷೆಯ ಮೇಲೆ ಅತ್ತಿತ್ತ ಅಲೆದು, ಎಲ್ಲಿಯೂ ನಿಲ್ಲದೆ ಮಡಿಲಿಗೆ ಮರಳಿತು. ರಾಯರು ನನ್ನ ಕಡೆ ಬಾಗಿ ಕನ್ನಡದಲ್ಲಿ, "ಪಾಪ, ಅಜ್ಜಿಗೆ ಮರೆವು ಹಿಡಿದಿದೆ. ಪೀಡಿಸ್ಬೇಡ, ಹೋಗುವ," ಎಂದರು.

"ಮರೆವು ಹಿಡದಿಲ್ಲರೀ," ಎಂದರು ಸಿಸ್ಟರ್ ನೋರಾ, ಅಚ್ಚ ಹುಬ್ಬಳ್ಳಿ ಕನ್ನಡದಲ್ಲಿ. "ಆ ದೇಶ ನಾ ಕಂಡೇ ಇಲ್ಲ."

ರಾಯರ ಚಹಾ ತಟ್ಟೆಗೆ ಚೆಲ್ಲಿತು. ವರ್ಷಗಟ್ಟಲೆ ಅವರೆದುರು ಕೂತು ಪಾಠ ಕೇಳಿದವಳು ನಾನು. ಆ ಬಾಯಿಂದ ಒಂದೇ ಒಂದು ಕನ್ನಡದ ಮಾತು ಕೇಳಿದವಳಲ್ಲ.

"ನಾ ಹುಟ್ಟಿದ್ದು ಹುಬ್ಬಳ್ಳ್ಯಾಗ, ರೈಲ್ವೆ ಕ್ವಾರ್ಟರ್ಸ್‌ನ್ಯಾಗ. ಅಪ್ಪ ಐರ್ಲೆಂಡಿನಾಂವ, ಎಂಜಿನ್ ಓಡಸ್ತಿದ್ದ. ಅವ್ವ ಹುಬ್ಬಳ್ಳಿಯಾಕಿನ. ಇಬ್ಬರೂ ಪ್ಲೇಗಿನ್ಯಾಗ ಹೋದ್ರು. ಮಠದ ಸಿಸ್ಟರುಗಳು ನನ್ನ ಸಾಕಿದ್ರು."

"ಮತ್ತೆ ನಮಗೆ ಹೇಳಿದ್ದೆಲ್ಲ?" ನನ್ನ ದನಿಯಲ್ಲಿ ಸಿಟ್ಟು ಇಣುಕಿತು.

"ಅಪ್ಪ ಹೇಳಿದ್ದು. ನಿಮ್ಮ ದೇಶ ಹ್ಯಾಂಗೈತಿ ಸಿಸ್ಟರ್ ಅಂತ ಇಲ್ಲಿ ಕಲಸಾಕ ಬಂದ ಮೊದಲನೇ ದಿನಾನ ಒಬ್ಬ ಹುಡುಗಿ ಕೇಳಿದ್ಳು. ಹೇಳಿಬಿಟ್ಟೆ. ಆಮ್ಯಾಲ ನಾ ಕಂಡಿಲ್ಲ ಅನ್ನಾಕ ಬಾಯಿ ಬರಲಿಲ್ಲ." ನಕ್ಷೆಯನ್ನು ಪಕ್ಕಕ್ಕೆ ಸರಿಸಿ ಮುಂದುವರಿಸಿದರು: "ಈಗ ಮಠದಿಂದ ನಮಗೆಲ್ಲಾ ಹುಟ್ಟಿದ ಊರಿಗೆ ಹೋಗಿಬರಾಕ ಒಪ್ಪಿಗಿ ಸಿಕ್ಕೈತಿ. ಈ ಸಲ ನನ್ನ ಪಾಳಿ."

"ನಮ್ಮೊಟ್ಟಿಗೆ ಬನ್ನಿ ಸಿಸ್ಟರ್. ಡಬ್ಲಿನ್ನಿನಲ್ಲಿ ಇವಳ ತಮ್ಮನ ಮನೆ ಉಂಟು," ಎಂದರು ರಾಯರು.

ಸಿಸ್ಟರ್ ಬೇಡವೆಂದು ತಲೆಯಾಡಿಸಿದರು. "ಅಪ್ಪ ಅವ್ವನ ಸಮಾಧಿ ಹುಬ್ಬಳ್ಳ್ಯಾಗೈತಿ. ನನಗ ಹೋಗಬೇಕಾಗಿರೋದು ಅಲ್ಲಿಗೆ. ಸಣ್ಣಾಕಿ ಇದ್ದಾಗ ಬಿಟ್ಟ ಊರು, ತಿರುಗಿ ಹೋಗಿಲ್ಲ. ಹೋದ್ರ ನಾ ಐರ್ಲೆಂಡ್ ಕಂಡಾಕಿ ಅಲ್ಲಂತ ಎಲ್ಲಾರಿಗೂ ಗೊತ್ತಾಗತೈತಿ ಅಂತ ಅಂಜಿಕಿ."

ರಾಯರು ಎದ್ದು ನಿಂತರು. "ಹುಬ್ಬಳ್ಳಿಗೆ ಹೋಗ್ಲಿಕ್ಕೆ ಮಿರಜಿನಲ್ಲಿ ಗಾಡಿ ಬದಲಿಸ್ಲಿಕ್ಕುಂಟು. ನೀವೊಬ್ಬರೇ ಬೇಡ, ನಾವು ಬರ್ತೇವೆ. ಈಗಲೇ ವೀಟಿ ಸ್ಟೇಷನ್ನಿಗೆ ಹೋಗಿ ರೈಲಿನ ಟಿಕೆಟ್ ಮಾಡಿಸ್ತೇನೆ."

ನಾನು ಬೆರಗಾಗಿ ಗಂಡನ ಮುಖ ನೋಡಿದೆ. ಸಿಸ್ಟರ್ ಬೇಡವೆನ್ನಲಿಲ್ಲ. ನಕ್ಷೆಯನ್ನು ಮಡಚಿ ನನ್ನ ಕೈಗಿತ್ತರು.

ನಮ್ಮನ್ನು ಕಳಿಸಲು ಅವರು ಹೊರಬಾಗಿಲ ತನಕ ಬಂದಾಗ ಶಾಲೆಯ ಊಟದ ಬಿಡುವು. ಹುಡುಗಿಯರು ಓಡಿ ಬಂದು ಸುತ್ತುವರಿದು, "ಸಿಸ್ಟರ್, ನೀವು ಊರಿಗೆ ಹೋಗುತ್ತೀರಂತೆ, ಹೌದಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಸಿಸ್ಟರ್ ಒಮ್ಮೆ ನನ್ನ ಕಡೆ ನೋಡಿದರು. "ಹೌದು," ಎಂದರು ಗಟ್ಟಿಯಾಗಿ. "ಹುಬ್ಬಳ್ಳಿಗೆ."

"ಅದು ಐರ್ಲೆಂಡಿನಲ್ಲಿ ಎಲ್ಲಿದೆ ಸಿಸ್ಟರ್?" ಎಂದಳು ಒಬ್ಬಳು.

ರಾಯರು ಆಗಲೇ ಇಳಿಜಾರಿನಲ್ಲಿ ಬಿರಬಿರನೆ ನಡೆದಿದ್ದರು. ತಿರುವಿನಲ್ಲಿ ನಾನು ಹಿಂತಿರುಗಿ ನೋಡಿದೆ. ಸಿಸ್ಟರ್ ನೋರಾ ಮೆಟ್ಟಿಲ ಮೇಲೆ ಕೂತು, ಹುಡುಗಿಯರನ್ನು ಹತ್ತಿರ ಕೂರಿಸಿಕೊಳ್ಳುತ್ತಿದ್ದರು.